ಇನ್ನೆರಡು ಬಿಸಿಲು

(ದಾವಣಗೆರೆಯಲ್ಲಿ ಗೆಳೆಯರು ತಿಂಗಳಿಗೊಮ್ಮೆ ಸೇರುವ ಸಂಜೆಯ ಸಭೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಆದರೆ ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ‘ಶರದೃತುವಿನಲ್ಲಿ ತೋಟದ ಮನೆಯ ಬದುಕು’ ಅಂತ ಕಾರ್ಡಿನಲ್ಲಿ ಅಚ್ಚಾಗಿದೆ. ಅದನ್ನು ಓದಿ ಹೇಳಿದಾಗ ನಮ್ಮ ಅವ್ವ, ‘ಅದ್ಯಾವ ಋತುನಪ್ಪ, ನಮ್ಮ ಕಡೆ ಬಂದಿದ್ದು ನಾನು ಕಾಣೆ’ ಅಂದಳು. ಅವಳ ಮಾತು ಸರಿ. ನಮ್ಮಲ್ಲಿ ಶರದೃತು ಇರುವುದು ಪಂಚಾಂಗದಲ್ಲಿ. ಬಾಯಲ್ಲಿ ಇರುವುದೆಲ್ಲ ಮಳೆಗಳ ಹೆಸರು. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಸೆಪ್ಟೆಂಬರ್ ಅರ್ಧಕ್ಕೆ ಉತ್ತರೆ ಹಿಡಿದರೆ ವಿಶಾಖ ಮುಗಿಯುವಷ್ಟರಲ್ಲಿ ನವೆಂಬರ್ ಅರ್ಧ ಕಳೆದಿರುತ್ತದೆ. ಈ ಎರಡು ತಿಂಗಳ ಕಥೆಯನ್ನೇ ನಾನು ಹೇಳಬೇಕಾಗಿರುವುದು.

ಮೊದಲು ನನ್ನ ಪರಿಚಯ ಒಂದು ಮಾತಿನಲ್ಲಿ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು ನಾನು. ಚಿತ್ರದುರ್ಗದಿಂದ ಹದಿನೆಂಟು ಕಿಲೋಮೀಟರ್ ದೂರದಲ್ಲಿ ಹೊಲದಲ್ಲೇ ಮನೆ. ನೀವು ತೋಟದ ಮನೆ ಅಂದಕೂಡಲೇ ತೂಗುಮಂಚ, ಹೂಬಳ್ಳಿ ಅಂತೆಲ್ಲ ಊಹಿಸಿಕೊಳ್ಳಬೇಡಿ. ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ, ಅದರ ಬೆನ್ನಿಗೆ ನಾನು ಸೇರಿಸಿದ ತಗಡಿನ ಶೆಡ್ಡು, ಎರಡು ಎಮ್ಮೆ, ಒಂದು ಹಸು, ಮೂರು ಎಕರೆ ಮೆಕ್ಕೆಜೋಳ, ಎರಡು ಎಕರೆ ಶೇಂಗಾ, ಅರ್ಧ ಎಕರೆ ಈರುಳ್ಳಿ. ‘ಅಲ್ಲಿ ಹೊತ್ತು ಹೇಗೆ ಹೋಗುತ್ತೆ ಮೇಷ್ಟ್ರೇ?’ ಅಂತ ನನ್ನ ಹಳೇ ಶಿಷ್ಯರು ಕೇಳುತ್ತಾರೆ. ಹೊತ್ತು ಹೋಗುವುದಿಲ್ಲ, ಹೊತ್ತು ಸಾಲುವುದಿಲ್ಲ ಅನ್ನುತ್ತೇನೆ. ನಂಬುವುದಿಲ್ಲ. ನಂಬದವರನ್ನು ಒಂದು ಅಕ್ಟೋಬರಿನಲ್ಲಿ ಕರೆದುಕೊಂಡು ಹೋಗಿ ಮೂರು ದಿನ ಇಟ್ಟುಕೊಂಡರೆ ನಾಲ್ಕನೇ ದಿನ ಮೊದಲನೇ ಬಸ್ಸಿಗೆ ಓಡುತ್ತಾರೆ. ಒಬ್ಬ ಹಾಗೆ ಓಡಿದ್ದಾನೆ ಕೂಡ.

ಈಗ ನಮ್ಮ ಸೀಮೆಯ ಒಂದು ವಿಚಿತ್ರ ಹೇಳುತ್ತೇನೆ. ದುರ್ಗದ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಆರು ನೂರು ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಇದರ ಮೂರು ನಾಲ್ಕು ಪಟ್ಟು ಸುರಿಯುತ್ತದೆ. ಘಟ್ಟದ ಆ ಕಡೆ ಮೋಡ ಎಲ್ಲ ಇಳಿಸಿ ಹಗುರಾಗಿ ನಮ್ಮ ಕಡೆ ಬರುತ್ತದೆ. ಜುಲೈಯಲ್ಲಿ ನಮಗೆ ಸಿಗುವುದು ಗಾಳಿ, ಮೋಡದ ನೆರಳು, ಆಗೊಮ್ಮೆ ಈಗೊಮ್ಮೆ ಜಿಟಿಜಿಟಿ. ಗುಡ್ಡದ ಮೇಲಿನ ವಿಂಡ್‌ಮಿಲ್ಲುಗಳು, ನಾವು ಫ್ಯಾನು ಅನ್ನುತ್ತೇವೆ, ಆಗ ಹುಚ್ಚು ಹಿಡಿದಂತೆ ತಿರುಗುತ್ತಿರುತ್ತವೆ. ಹುಬ್ಬೆ ಮಳೆ ಕಳೆದು ಉತ್ತರೆ ಹಿಡಿಯುವ ಹೊತ್ತಿಗೆ ಫ್ಯಾನುಗಳು ನಿಧಾನವಾಗುತ್ತವೆ, ಒಂದು ದಿನ ನಿಂತೇ ಬಿಡುತ್ತವೆ. ಪಡುವಣ ಗಾಳಿ ಸೋತಿತು ಅಂತ ಅರ್ಥ. ಅಲ್ಲಿಂದಾಚೆ ಮಧ್ಯಾಹ್ನದವರೆಗೆ ಸುಡುವ ಬಿಸಿಲು, ನಾಲ್ಕು ಗಂಟೆಗೆ ಮೂಡಲಲ್ಲಿ ಕರೀ ಮೋಡ, ಗುಡುಗು, ಅರ್ಧ ಗಂಟೆಯಲ್ಲಿ ಬದು ಒಡೆಯುವಂಥ ಮಳೆ. ವರ್ಷದ ದೊಡ್ಡ ಮಳೆಗಳು ನಮಗೆ ಬರುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮುಂಗಾರಿಗೆ ಬಿತ್ತಿದ ಬೆಳೆ ಕೈಗೆ ಬರುವುದೂ ಆಗಲೇ!

ಹತ್ತು ತಿಂಗಳು ಆಕಾಶ ನೋಡಿ ‘ಬಾರಪ್ಪ’ ಅನ್ನುವವರು ಈ ಎರಡು ತಿಂಗಳು ಅದೇ ಆಕಾಶ ನೋಡಿ ‘ಸ್ವಲ್ಪ ತಡೀಯಪ್ಪ’ ಅನ್ನುತ್ತೇವೆ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಅಂತ ಗಾದೆ ಇದೆ. ಅದು ಆಗಸ್ಟಿನ ಮಾತು. ಅಕ್ಟೋಬರಿನ ಗಾದೆ ಬೇರೆ: ಚಿತ್ತೆ ಮಳೆ, ವಿಚಿತ್ರ ಬೆಳೆ. ನಮ್ಮ ಮನೆಯಲ್ಲಿ ಈ ಕಾಲಕ್ಕೆ ಸುಗ್ಗಿ ಅನ್ನುವುದಿಲ್ಲ. ಸುಗ್ಗಿ ಸಂಕ್ರಾಂತಿಯ ಮಾತಾಯಿತು. ಇದು ಒಣಗಿಸುವ ಕಾಲ. ಕೀಳುವುದು, ಮುರಿಯುವುದು, ಕೊಯ್ಯುವುದಕ್ಕೆ ಆಳು ಸಿಕ್ಕರೆ ಒಂದು ವಾರ ಸಾಕು. ಒಣಗಿಸುವುದಕ್ಕೆ ಎರಡು ತಿಂಗಳೂ ಬೇಕು. ಹಾಗಾಗಿ ನಮ್ಮಲ್ಲಿ ಕಾಲದ ಅಳತೆಯೂ ಬೇರೆ. ‘ಶೇಂಗಾ ಯಾವಾಗ ಚೀಲಕ್ಕೆ ತುಂಬೋದು?’ ಅಂದರೆ ‘ಇನ್ನು ಮೂರು ಬಿಸಿಲು ಆಗಲಿ’ ಅನ್ನುತ್ತಾರೆ. ಮೂರು ದಿನ ಅಲ್ಲ, ಮೂರು ಬಿಸಿಲು. ನಡುವೆ ಮೋಡ ಹಿಡಿದರೆ ಆ ದಿನ ಲೆಕ್ಕಕ್ಕಿಲ್ಲ. ಮೂರು ಬಿಸಿಲಿಗೆ ಹನ್ನೊಂದು ದಿನ ಹಿಡಿದ ವರ್ಷವೂ ಉಂಟು.

ಕೆಲಸ ಶುರುವಾಗುವುದು ತಲೆಯ ಮೇಲಿಂದ, ಅಂದರೆ ಮಾಳಿಗೆಯಿಂದ. ಇಲ್ಲಿರುವ ಎಳೆಯರಲ್ಲಿ ಎಷ್ಟು ಜನ ಮಣ್ಣಿನ ಮಾಳಿಗೆ ನೋಡಿದ್ದೀರೋ ಗೊತ್ತಿಲ್ಲ. ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಸೊಪ್ಪು, ಅದರ ಮೇಲೆ ಒಂದು ಮೊಳ ಮಣ್ಣು, ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು. ಚೌಳು ಮಣ್ಣು ಎಲ್ಲ ಕಡೆ ಸಿಗುವುದಿಲ್ಲ. ಹಳ್ಳದ ದಂಡೆಯಲ್ಲಿ, ಬೆಳೆ ಬಾರದ ಜಾಗದಲ್ಲಿ ಬೂದಿ ಉದುರಿಸಿದಂತೆ ಬೆಳ್ಳಗೆ ಕಾಣುತ್ತದೆ. ಮೊದಲು ನನಗೂ ಇದು ಒಗಟಾಗಿತ್ತು: ಹೊಲದಲ್ಲಿ ಬೆಳೆಯನ್ನೇ ಬೆಳೆಸದ ಈ ಕೆಟ್ಟ ಮಣ್ಣು ಮಾಳಿಗೆಗೆ ಮಾತ್ರ ಯಾಕೆ ಒಳ್ಳೆಯದು? ಎರಡಕ್ಕೂ ಕಾರಣ ಒಂದೇ. ಆ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದ ಕೂಡಲೇ ಜೇಡಿಯ ಕಣಗಳು ಒಂದಕ್ಕೊಂದು ಕೈ ಬಿಟ್ಟು ಚದುರುತ್ತವೆ, ಉಬ್ಬುತ್ತವೆ, ಮಣ್ಣಿನೊಳಗಿನ ಸಣ್ಣ ಸಣ್ಣ ಸಂದುಗಳಲ್ಲಿ ಹೋಗಿ ಕೂತು ದಾರಿ ಮುಚ್ಚುತ್ತವೆ. ನೀರು ಇಳಿಯುವುದೇ ಇಲ್ಲ. ಹೊಲದಲ್ಲಿ ನೀರು ಇಳಿಯದಿದ್ದರೆ ಬೆಳೆ ಸಾಯುತ್ತದೆ, ಮಾಳಿಗೆಯಲ್ಲಿ ನೀರು ಇಳಿಯದಿದ್ದರೆ ಮನೆ ಉಳಿಯುತ್ತದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವನಿಗೆ ಇದು ತಿಳಿದದ್ದು ಮನೆ ಸೋರಿದ ಮೇಲೆ.

ಉತ್ತರೆಯಲ್ಲಿ ಮಾಳಿಗೆ ಹತ್ತಿ ಮಾಡುವ ಕೆಲಸ ಎರಡು. ಜೂನಿನಿಂದ ಬೆಳೆದ ಹುಲ್ಲನ್ನು ಬೇರು ಸಮೇತ ಕೀಳುವುದು, ಕಿತ್ತ ಜಾಗಕ್ಕೆ ಒಂದು ಬೊಗಸೆ ಚೌಳು ಹಾಕಿ ಹಿಮ್ಮಡಿಯಿಂದ ಒತ್ತುವುದು. ಸುಲಭ ಅನ್ನಿಸುತ್ತದೆ. ನಾನು ಮೊದಲ ವರ್ಷ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ಇಳಿದು ಬಂದೆ, ನೀಟಾಗಿ ಕಾಣುತ್ತಿತ್ತು. ಬೇರು ಒಳಗೇ ಕೊಳೆತು ಸೀದಾ ಕೊಳವೆಯಾಯಿತು. ಹಸ್ತದ ಮಳೆ ನನ್ನ ಪುಸ್ತಕದ ಬೀರುವಿನ ಮೇಲೆಯೇ ಸುರಿಯಿತು. ಅವ್ವ ಬೈಯಲಿಲ್ಲ. ಹಂಡೆ ತಂದು ಕೆಳಗಿಟ್ಟು, ‘ಓದಿದೋನು ನೋಡು’ ಅಂದಳು, ಅಷ್ಟೇ.

ಮಹಾಲಯ ಅಮಾವಾಸ್ಯೆ ಆದ ಮೇಲೆ ನವರಾತ್ರಿಗೆ ಮನೆ ತೊಳೆಯುವ ಗಡಿಬಿಡಿ. ಇದು ನಿಮ್ಮಲ್ಲೂ ಇದೆ, ವಿವರಿಸಬೇಕಾಗಿಲ್ಲ. ಕೌದಿಗಳ ಬಗ್ಗೆ ಮಾತ್ರ ಒಂದು ಮಾತು ಹೇಳುತ್ತೇನೆ. ನಮ್ಮಲ್ಲಿ ಏಳು ಕೌದಿ ಇವೆ, ಎಲ್ಲಾ ಅವ್ವ ಹೊಲಿದದ್ದು. ಮೊದಲು ಎಲ್ಲರೂ ಗಾಡಿ ಕಟ್ಟಿಕೊಂಡು ಕೆರೆಗೆ ಹೋಗಿ ಕಲ್ಲಿಗೆ ಬಡಿದು ತೊಳೆಯುತ್ತಿದ್ದರು. ಈಗ ಮೋಟಾರಿನ ನೀರಿಗೆ ತೊಟ್ಟಿಯ ಹತ್ತಿರ ತುಳಿಯುತ್ತೇವೆ. ಹಸಿ ಕೌದಿಯ ತೂಕ ಒಂದು ಕರುವಿನಷ್ಟು. ಇಬ್ಬರು ಹಿಡಿದು ಹಿಂಡಿ ಕಟ್ಟೆಯ ಮೇಲೆ ಹರವಿದರೆ ಮೇಲ್ಮೈ ಮಧ್ಯಾಹ್ನಕ್ಕೆ ಒಣಗುತ್ತದೆ, ಒಳಗಿನ ಹಳೇ ಸೀರೆಗಳ ಪದರ ಮೂರು ಬಿಸಿಲಾದರೂ ತಣ್ಣಗಿರುತ್ತದೆ. ಮಡಿಸಿ ಕೆನ್ನೆಗೆ ಹಿಡಿದು ನೋಡಬೇಕು. ಕೈಗೆ ಗೊತ್ತಾಗದ ತೇವ ಕೆನ್ನೆಗೆ ಗೊತ್ತಾಗುತ್ತದೆ.

ಇನ್ನು ಮೆಕ್ಕೆಜೋಳ. ದಾವಣಗೆರೆಯವರ ಮುಂದೆ ಮೆಕ್ಕೆಜೋಳದ ಬಗ್ಗೆ ಮಾತಾಡುವುದು ಅಂದರೆ ಬೆಣ್ಣೆ ದೋಸೆ ಮಾಡೋದು ಹೇಗೆ ಅಂತ ನಿಮಗೇ ಹೇಳಿದ ಹಾಗೆ. ಆದರೂ ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಅರ್ಧ ಜನ ಈ ತಿಂಗಳಲ್ಲಿ ಬೈಕಿನಲ್ಲಿ ಹೋಗುವಾಗ ರಸ್ತೆಯ ಅರ್ಧಕ್ಕೆ ಹರಡಿದ ಕಾಳು ನೋಡಿ ನಮ್ಮಂಥವರಿಗೆ ಬೈದಿರುತ್ತೀರಿ. (ಸಭೆಯಲ್ಲಿ ನಗು.) ಬೈಯುವುದು ನ್ಯಾಯವೇ. ರಾತ್ರಿ ಕಲ್ಲು ಇಟ್ಟು ಹೋದವರಿಂದ ಜನ ಬಿದ್ದಿದ್ದಾರೆ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ನಮಗೆ ರಸ್ತೆಯ ಮೇಲೆ ಯಾಕೆ ಅಷ್ಟು ಪ್ರೀತಿ ಅನ್ನುವುದನ್ನು ಕೇಳಿ. ತೆನೆಯಿಂದ ಕಾಳು ಬಿಡಿಸುವ ಮಿಷನ್ನಿಗೆ ಹಾಕಿದ ಕೂಡಲೇ ಕಾಳಿನಲ್ಲಿ ನೂರಕ್ಕೆ ಇಪ್ಪತ್ತು, ಇಪ್ಪತ್ತೈದು ಪಾಲು ನೀರಿರುತ್ತದೆ. ಮಾರುಕಟ್ಟೆಗೆ ಹದಿನಾಲ್ಕು ಆಗಬೇಕು. ಮೊದಲು ಪ್ರತಿ ಹೊಲಕ್ಕೂ ಕಣ ಇತ್ತು. ನೆಲ ಕೆರೆದು, ನೀರು ಚಿಮುಕಿಸಿ, ರೋಣಗಲ್ಲು ಉರುಳಿಸಿ, ಸಗಣಿ ಸಾರಿಸಿದ ಕಣ. ಒಂದು ಕಣ ಮಾಡಲು ನಾಲ್ಕು ದಿನ, ಎತ್ತು, ಮನೆಮಂದಿ ಎಲ್ಲ ಬೇಕು. ಎತ್ತು ಹೋದ ದಿನವೇ ಕಣವೂ ಹೋಯಿತು. ನಮ್ಮ ರೋಣಗಲ್ಲು ಈಗ ಬಾವಿಕಟ್ಟೆಯ ಪಕ್ಕದಲ್ಲಿ ಬಿದ್ದಿದೆ, ಕೋಳಿಗಳು ಕೂರುತ್ತವೆ. ಸಗಣಿ ಕಣಕ್ಕಿಂತ ಡಾಂಬರು ಬೇಗ ಕಾಯುತ್ತದೆ, ಕೆಳಗಿನಿಂದಲೂ ಶಾಖ ಕೊಡುತ್ತದೆ. ಎರಡು ಬಿಸಿಲಿನ ಕೆಲಸ ಒಂದಕ್ಕೆ ಮುಗಿಯುತ್ತದೆ.

ನೂರು ಕಿಲೋ ಕಾಳಿನಲ್ಲಿ ಇಪ್ಪತ್ತು ಕಿಲೋ ನೀರು ಅಂದರೆ ಎಂಬತ್ತು ಕಿಲೋ ಗಟ್ಟಿ ಕಾಳು. ಅದನ್ನು ಹದಿನಾಲ್ಕರ ತೇವಕ್ಕೆ ಒಣಗಿಸಿದರೆ ತೂಕ ತೊಂಬತ್ತಮೂರಕ್ಕೆ ಇಳಿಯುತ್ತದೆ. ಅಂದರೆ ನ್ಯಾಯವಾಗಿ ಕಳೆಯಬೇಕಾದದ್ದು ಏಳು ಕಿಲೋ. ಒಂದು ವರ್ಷ ಮಳೆಗೆ ಹೆದರಿ ಹಸಿಯಾಗಿಯೇ ಮಾರಲು ಹೋದೆ. ಕೊಳ್ಳುವವನು ಮುಷ್ಟಿ ಕಾಳು ಹಿಡಿದು ‘ಹಸಿ ಐತೆ ಮೇಷ್ಟ್ರೇ’ ಅಂತ ಕ್ವಿಂಟಾಲಿಗೆ ಹತ್ತು ಕಿಲೋ ಮುರಿದುಕೊಂಡ, ದರದಲ್ಲೂ ಕಳೆದ. ತೇವ ಅಳೆಯುವ ಯಂತ್ರ ಇಟ್ಟು ನೋಡಪ್ಪ ಅಂದರೆ ಬ್ಯಾಟರಿ ಹೋಗಿದೆ ಅಂದ. 2025ರ ಮುಂಗಾರಿಗೆ ಸರ್ಕಾರ ಮೆಕ್ಕೆಜೋಳಕ್ಕೆ ಕ್ವಿಂಟಾಲಿಗೆ 2400 ರೂಪಾಯಿ ಬೆಂಬಲ ಬೆಲೆ ಅಂತ ಘೋಷಿಸಿತ್ತು. ಅದೂ ಒಣ ಕಾಳಿಗೇ.

ಆವತ್ತಿನಿಂದ ನಾನು ಒಂದು ಬಾಟಲಿ ಇಟ್ಟುಕೊಂಡಿದ್ದೇನೆ. ತಂದಿದ್ದೇನೆ, ನೋಡಿ. ಗಾಜಿನ ಬಾಟಲಿ, ಚೆನ್ನಾಗಿ ಒಣಗಿಸಿದ್ದು. ಇದರಲ್ಲಿ ಮೂರನೇ ಒಂದು ಭಾಗ ನನ್ನ ಈ ವರ್ಷದ ಮೆಕ್ಕೆಜೋಳ. ಮೇಲೆ ಎರಡು ಚಮಚ ಪುಡಿ ಉಪ್ಪು ಹಾಕುತ್ತೇನೆ, ಉಪ್ಪನ್ನು ಬಾಣಲೆಯಲ್ಲಿ ಹುರಿದು ತಂದಿದ್ದೇನೆ. ಮುಚ್ಚಳ ಹಾಕಿ ಚೆನ್ನಾಗಿ ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಡಿ. ಕಾಳಿನ ತೇವ ಹದಿನೈದಕ್ಕಿಂತ ಜಾಸ್ತಿ ಇದ್ದರೆ ಉಪ್ಪು ಗಾಜಿಗೆ ಅಂಟಿ ನಿಲ್ಲುತ್ತದೆ. ಒಣಗಿದ್ದರೆ ಉದುರಿ ಕೆಳಗೆ ಬರುತ್ತದೆ. ಇದನ್ನು ಈಗ ಮುಂದಿನ ಸಾಲಿಗೆ ಕೊಡುತ್ತೇನೆ, ಒಬ್ಬೊಬ್ಬರೂ ಅಲ್ಲಾಡಿಸಿ ಹಿಂದಕ್ಕೆ ಕಳಿಸಿ. ಅವ್ವನಿಗೆ ಈ ಬಾಟಲಿ ಕಂಡರೆ ನಗು. ಅವಳು ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸುತ್ತಾಳೆ. ಒಣಗಿದ ಕಾಳಿನೊಳಗೆ ಕೈ ಜಾರಿಕೊಂಡು ಹೋಗುತ್ತದಂತೆ, ಹಸಿ ಇದ್ದರೆ ಕೈಯನ್ನು ಹಿಡಿದುಕೊಳ್ಳುತ್ತದಂತೆ.

ಶೇಂಗಾದ ವಿಷಯಕ್ಕೆ ಬಂದರೆ ಸ್ವಲ್ಪ ಹೊತ್ತು ನಿಲ್ಲಬೇಕು. ಚಳ್ಳಕೆರೆ ಸೀಮೆಗೆ ಎಣ್ಣೆ ಮಿಲ್ಲುಗಳ ಊರು ಅಂತ ಹೆಸರು ಬಂದದ್ದು ಈ ಬೆಳೆಯಿಂದ. ಶೇಂಗಾಕ್ಕೆ ಎರಡು ಕಡೆಯಿಂದ ಕಷ್ಟ. ಕೀಳುವಾಗ ನೆಲ ಹಸಿ ಇರಬೇಕು, ಇಲ್ಲದಿದ್ದರೆ ಬಳ್ಳಿ ಮಾತ್ರ ಕೈಗೆ ಬಂದು ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ. ಆಮೇಲೆ ಹಕ್ಕಲಾಯುವವರಿಗೆ ಹಬ್ಬ. ಕಿತ್ತ ಮರುಕ್ಷಣದಿಂದ ಒಂದು ಹನಿಯೂ ಬೀಳಬಾರದು. ಅಂದರೆ ನಿನ್ನೆ ಮಳೆ ಬಂದಿರಬೇಕು, ನಾಳೆ ಬರಬಾರದು! ಇಷ್ಟು ನಾಜೂಕಿನ ಬೇಡಿಕೆಯನ್ನು ಯಾವ ದೇವರ ಮುಂದೆ ಇಡುವುದು?

ಕಾಯಿ ಬಲಿತಿದೆಯೇ ನೋಡಲು ಒಂದನ್ನು ಸುಲಿದು ಸಿಪ್ಪೆಯ ಒಳಮೈ ನೋಡುತ್ತೇವೆ. ಬೆಳ್ಳಗಿದ್ದರೆ ಎಳಸು, ಕಂದು ಕಪ್ಪು ಕಲೆ ಕಂಡರೆ ಬಲಿತಿದೆ. ಕಿತ್ತ ಬಳ್ಳಿಯನ್ನು ಬುಡಮೇಲು ಮಾಡಿ, ಕಾಯಿ ಆಕಾಶಕ್ಕೆ ಕಾಣುವ ಹಾಗೆ ಸಾಲಿನಲ್ಲಿ ಬಿಡುತ್ತೇವೆ. ಎರಡು ಮೂರು ಬಿಸಿಲಾದ ಮೇಲೆ ಲಂಬಾಣಿ ತಾಂಡಾದ ಹೆಂಗಸರು ಬಂದು ಕೂತು ಕಾಯಿ ಬಿಡಿಸುತ್ತಾರೆ. ಅವರ ಮಾತು, ಹಾಡು, ನಡುನಡುವೆ ನನ್ನನ್ನು ಗೇಲಿ ಮಾಡುವುದು, ಆ ನಾಲ್ಕು ದಿನ ಹೊಲ ಊರಾಗುತ್ತದೆ. ಬಿಡಿಸಿದ ಕಾಯಿ ಅಂಗಳಕ್ಕೆ ಬರುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹರಡುವುದು, ಗಂಟೆಗೊಮ್ಮೆ ಕಾಲಿನಲ್ಲಿ ಗೆರೆ ಎಳೆದ ಹಾಗೆ ತಿರುವುವುದು, ನಾಲ್ಕಕ್ಕೆ ರಾಶಿ ಮಾಡಿ ತಾಡಪಾಲು ಮುಚ್ಚುವುದು. ಚೆನ್ನಾಗಿ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಉಜ್ಜಿದರೆ ಮೇಲಿನ ಕೆಂಪು ಸಿಪ್ಪೆ ಜಾರಬೇಕು.

2022ನೇ ಇಸವಿ ನಿಮಗೆ ನೆನಪಿರಬೇಕು. ಆ ಸೆಪ್ಟೆಂಬರಿನಲ್ಲಿ ಹಿರಿಯೂರಿನ ಮಾರಿಕಣಿವೆ, ವಾಣಿವಿಲಾಸ ಸಾಗರ, ಕೋಡಿ ಬಿತ್ತು. ಅದಕ್ಕೆ ಮೊದಲು ಕೋಡಿ ಬಿದ್ದದ್ದು 1933ರಲ್ಲಿ, ಎಂಬತ್ತೊಂಬತ್ತು ವರ್ಷದ ಹಿಂದೆ. ಜನ ಜಾತ್ರೆಯ ಹಾಗೆ ಹೋದರು, ನಾವೂ ಹೋದೆವು. ಅವ್ವ ಕೋಡಿಯ ನೀರನ್ನು ಕಣ್ಣಿಗೆ ಒತ್ತಿಕೊಂಡಳು. ಸಂತೋಷಪಟ್ಟು ಮನೆಗೆ ಬಂದೆವು, ಬಂದರೆ ನಮ್ಮ ಶೇಂಗಾಕ್ಕೆ ಬಿಸಿಲೇ ಇಲ್ಲ. ಅಕ್ಟೋಬರಿನಲ್ಲಿ ಕಿತ್ತದ್ದನ್ನು ಮೂರು ಸಲ ಹರಡಿ ಮೂರು ಸಲ ಮುಚ್ಚಿದೆ. ನಾಲ್ಕನೇ ಸಲ ಸಾಕಾಗಿ, ಮುಟ್ಟಿದರೆ ಒಣಗಿದ ಹಾಗೇ ಇದೆಯಲ್ಲ ಅಂತ ಚೀಲಕ್ಕೆ ತುಂಬಿ ಶೆಡ್ಡಿನಲ್ಲಿ ಒಟ್ಟಿದೆ. ಇಪ್ಪತ್ತು ದಿನದ ಮೇಲೆ ನಡುವಿನ ಒಂದು ಚೀಲಕ್ಕೆ ಕೈ ಹಾಕಿದರೆ ಒಳಗೆ ಬೆಚ್ಚಗಿತ್ತು. ಬಿಚ್ಚಿದೆ. ಕಾಯಿಯ ಮೇಲೆ ಹಸಿರು ಹಳದಿ ಪುಡಿ, ಮುಗ್ಗಲು ವಾಸನೆ. ಒಟ್ಟು ಒಂಬತ್ತು ಚೀಲ.

ತೊಳೆದು ಒಣಗಿಸಿ ಮಾರಿಬಿಡು ಅಂತ ಸಲಹೆ ಕೊಟ್ಟವರು ಇದ್ದರು. ಎಮ್ಮೆಗೆ ಹಾಕು ಅಂದವರೂ ಇದ್ದರು. ಅಲ್ಲಿ ಮಾತ್ರ ನನ್ನ ಓದು ಉಪಯೋಗಕ್ಕೆ ಬಂತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತವು. ರೋಗ ಯಾವುದು ಅಂತ ತಿಳಿಯದೆ ‘ಟರ್ಕಿ ಎಕ್ಸ್’ ಅಂತ ಹೆಸರಿಟ್ಟರು. ಕೊನೆಗೆ ಸಿಕ್ಕಿದ್ದು ಬ್ರೆಜಿಲ್ಲಿನಿಂದ ತರಿಸಿದ್ದ ಶೇಂಗಾ ಹಿಂಡಿ. ಅದರಲ್ಲಿ ಬೂಷ್ಟು, ಬೂಷ್ಟಿನಲ್ಲಿ ವಿಷ. ಅದಕ್ಕೇ ಅಫ್ಲಾಟಾಕ್ಸಿನ್ ಅಂತ ಹೆಸರು ಬಂತು. ಅಡುಗೆಯ ಬೆಂಕಿಗೆ ಅದು ಪೂರ್ತಿ ಹೋಗುವುದಿಲ್ಲ. ಈಲಿಗೆ ಬಡಿಯುತ್ತದೆ. ಎಮ್ಮೆ ತಿಂದರೆ ಹಾಲಿನಲ್ಲೂ ಇಳಿಯುತ್ತದೆ. ಒಂಬತ್ತು ಚೀಲವನ್ನೂ ಗುಂಡಿ ತೋಡಿ ಹೂಳಿದೆ. ಗುಂಡಿ ತೋಡಲು ಬಂದ ಹುಡುಗ ‘ಎಷ್ಟು ಚಟ್ನಿ ಆಗ್ತಿತ್ತು ಸಾರ್’ ಅಂದದ್ದು ಈಗಲೂ ಕಿವಿಯಲ್ಲಿದೆ.

ಇಷ್ಟು ಹೇಳಿದ ಮೇಲೆ ಹಗೇವಿನ ಮಾತು ಎತ್ತದೆ ಬಿಡಲಾರೆ. ದುರ್ಗದ ಕೋಟೆ ಹತ್ತಿದವರು ಅಲ್ಲಿನ ಎಣ್ಣೆ ಕೊಳ, ಕಣಜ ನೋಡಿರುತ್ತೀರಿ. ಅದು ಪಾಳೆಯಗಾರರ ದಾಸ್ತಾನು. ನಮ್ಮಂಥವರ ದಾಸ್ತಾನು ನೆಲದೊಳಗೆ. ಹಳೇ ಮನೆಯ ಮುಂದೆ ನಮ್ಮಜ್ಜನ ಹಗೇವು ಇತ್ತು. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಗಡಿಗೆಯ ಹಾಗೆ ಹೊಟ್ಟೆ. ಗೋಡೆಗೆ ಹುಲ್ಲು ಒತ್ತಿ, ಜೋಳ ತುಂಬಿ, ಬಾಯಿಗೆ ಹುಲ್ಲು ತುರುಕಿ, ಚಪ್ಪಡಿ ಇಟ್ಟು, ಮೇಲೆ ಮಣ್ಣು. ಅದರ ಮೇಲೆ ಗಾಡಿ ಓಡಾಡುತ್ತಿತ್ತು.

1972ರ ಬರದಲ್ಲಿ ಅದನ್ನು ತೆಗೆದದ್ದನ್ನು ನಾನು ಹತ್ತು ವರ್ಷದ ಹುಡುಗನಾಗಿ ನೋಡಿದ್ದೇನೆ. ಚಪ್ಪಡಿ ಸರಿಸಿದ ಕೂಡಲೇ ಯಾರೂ ಬಗ್ಗಿ ನೋಡಬಾರದು ಅಂತ ಅಜ್ಜ ಎಲ್ಲರನ್ನೂ ದೂರ ಅಟ್ಟಿದ. ಒಂದು ರಾತ್ರಿ ಹಾಗೇ ತೆರೆದು ಬಿಟ್ಟರು. ಬೆಳಿಗ್ಗೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಿದ. ನಾಲ್ಕು ಮೊಳ ಇಳಿದಿರಬೇಕು, ದೀಪ ಸಣ್ಣಗಾಗಿ ಫಕ್ಕನೆ ಆರಿತು. ‘ಇನ್ನೂ ಉಸಿರಾಡ್ತಿಲ್ಲ’ ಅಂದ ಅಜ್ಜ. ನನಗೆ ಒಳಗೆ ಯಾರೋ ಸತ್ತಿದ್ದಾರೆ ಅನ್ನಿಸಿತ್ತು. ಆಮೇಲೆ ಸೊಪ್ಪಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಬೀಸಿದರು. ಸಂಜೆ ಲಾಟೀನು ಉರಿಯುತ್ತಲೇ ತಳ ಮುಟ್ಟಿತು. ಆಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಚಿಕ್ಕಪ್ಪ ಇಳಿದ.

ಕಾಳು ಉಸಿರಾಡುತ್ತದೆ ಅನ್ನುವುದು ಅಜ್ಜನಿಗೆ ಗೊತ್ತಿತ್ತು, ನನಗೆ ಕಾಲೇಜಿನಲ್ಲಿ ಗೊತ್ತಾಯಿತು. ಮುಚ್ಚಿದ ಹಗೇವಿನಲ್ಲಿ ಕಾಳೂ ಹುಳವೂ ಇದ್ದ ಆಮ್ಲಜನಕವನ್ನೆಲ್ಲ ತಿಂದು ಇಂಗಾಲದ ಡೈಆಕ್ಸೈಡ್ ತುಂಬುತ್ತವೆ. ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಅವಸರಪಟ್ಟು ಇಳಿದ ಮನುಷ್ಯನೂ ಸಾಯುತ್ತಾನೆ. ಗೋಡೆಯ ಬದಿಯ ಜೋಳ ಕರ್ರಗೆ ಹೆಂಟೆ ಕಟ್ಟಿತ್ತು, ನಡುವಿನದು ಚೆನ್ನಾಗಿತ್ತು. ಆ ಜೋಳದ ರೊಟ್ಟಿಗೆ ಒಂಥರಾ ಹುಳಿ ವಾಸನೆ. ಮೊದಲ ದಿನ ನಾನು ತಿನ್ನಲಿಲ್ಲ, ಎರಡನೇ ದಿನ ತಿಂದೆ. ನಾಲ್ಕು ವರ್ಷ ಹಿಂದೆ ತುಂಬಿದ ಜೋಳ ಅದು. ತುಂಬುವ ಮೊದಲು ಅಜ್ಜ ಹನ್ನೆರಡು ಬಿಸಿಲು ಹಾಕಿಸಿದ್ದನಂತೆ. ಹದಿಮೂರನೇ ದಿನ ಮೋಡ ಬಂದದ್ದಕ್ಕೆ ಸುಮ್ಮನಾದನಂತೆ, ಇಲ್ಲದಿದ್ದರೆ ಅದೂ ಆಗುತ್ತಿತ್ತು ಅಂತ ಅವ್ವ ಈಗಲೂ ಹೇಳುತ್ತಾಳೆ.

ಅಡಿಕೆಯ ಬಗ್ಗೆ ನನ್ನನ್ನು ಕೇಳಬೇಡಿ. ತಂಗಿಯನ್ನು ಚನ್ನಗಿರಿ ಕಡೆ ಕೊಟ್ಟಿದ್ದೇವೆ, ಅವರ ಮನೆಯಲ್ಲಿ ಈ ಎರಡು ತಿಂಗಳು ಗೊನೆ, ಸುಲಿಯುವ ಸದ್ದು, ಬೇಯುವ ಹಂಡೆ, ಚೊಗರಿನ ವಾಸನೆ ಬಿಟ್ಟು ಬೇರೆ ಮಾತಿಲ್ಲ. ಕ್ವಿಂಟಾಲು ಹಸಿ ಅಡಿಕೆ ಒಣಗಿ ಕೈಗೆ ಬರುವಾಗ ಸುಮಾರು ಹನ್ನೆರಡು ಹದಿಮೂರು ಕಿಲೋ. ಬೇಯಿಸಿದ ಮೇಲೆ ಐದಾರು ದಿನ ಮೋಡ ಮುಚ್ಚಿದರೆ ಬಣ್ಣ ಹೋಗುತ್ತದೆ. ಭಾವ ಆಗ ಊಟಕ್ಕೂ ಕೂರುವುದಿಲ್ಲ. ಈರುಳ್ಳಿಯದು ಇನ್ನೊಂದು ಗೋಳು. ಕಿತ್ತು, ಸೊಪ್ಪನ್ನೇ ಗೆಡ್ಡೆಗೆ ನೆರಳಾಗಿ ಹೊದಿಸಿ, ಕತ್ತು ಒಣಗುವವರೆಗೆ ಹೊಲದಲ್ಲೇ ಬಿಡಬೇಕು. ಕತ್ತು ಹಸಿ ಇದ್ದರೆ ಕೊಳೆ ಅಲ್ಲಿಂದಲೇ ಒಳಗೆ ಇಳಿಯುತ್ತದೆ. ಚೆನ್ನಾಗಿ ಒಣಗಿಸಿ ಬೆಂಗಳೂರಿಗೆ ಲಾರಿ ತುಂಬಿದ ವಾರವೇ ದರ ಬಿದ್ದಿರುತ್ತದೆ. ಅದನ್ನು ಒಣಗಿಸುವ ಬಿಸಿಲು ಇನ್ನೂ ಹುಟ್ಟಿಲ್ಲ.

ದಿನದ ಕೆಲಸದ ಬಗ್ಗೆಯೂ ಹೇಳಿ ಅಂದಿದ್ದರು. ಐದಕ್ಕೆ ಎದ್ದು ಕೊಟ್ಟಿಗೆ. ಈ ಕಾಲದಲ್ಲಿ ಹಸಿರು ಮೇವು ತಿಂದು ಸಗಣಿ ತೆಳ್ಳಗೆ, ಕುಳ್ಳು ತಟ್ಟಿದರೆ ಗೋಡೆಯಿಂದ ಜಾರುತ್ತದೆ. ಹಾಲು ಕರೆಯುವ ಹೊತ್ತಿಗೆ ಕೈ ಮರಗಟ್ಟುವ ಹಾಗೆ ಇಬ್ಬನಿ, ಒಲೆ ಹೊತ್ತಿಸಲು ಹೋದರೆ ಬೆಂಕಿಪೊಟ್ಟಣವೇ ತೇವ. ಅವ್ವ ಬೆಂಕಿಪೊಟ್ಟಣವನ್ನು ರಾತ್ರಿ ಹೊತ್ತು ತನ್ನ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ. ತೊಗರಿ ಕಡ್ಡಿ, ಜಾಲಿ ಸೌದೆಯನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ, ಇವತ್ತಿನ ಅಡುಗೆಯ ಹೊಗೆಗೆ ನಾಳಿನ ಸೌದೆ ಒಣಗಿಸುತ್ತೇವೆ. ಎಂಟಕ್ಕೆ ಮುದ್ದೆ, ಅಣ್ಣೆ ಸೊಪ್ಪಿನ ಸಾರು. ಒಂಬತ್ತಕ್ಕೆ ಹರಡುವುದು. ಸಂಜೆ ಮೆದೆಯ ಹತ್ತಿರ ಬರಿಗಾಲಲ್ಲಿ ಹೋಗುವಂತಿಲ್ಲ, ಕೊಳಕುಮಂಡಲ ಬೆಚ್ಚಗೆ ಮಲಗಿರುತ್ತದೆ. ಟಾರ್ಚು, ಬೂಟು, ಕೋಲು. ರಾತ್ರಿ ಎರಡು ಸಲ ಎದ್ದು ನಕ್ಷತ್ರ ಇದೆಯೇ ನೋಡುವುದು. ಫೋನಿನಲ್ಲಿ ಮಳೆಯ ಮುನ್ಸೂಚನೆ ಬರುತ್ತದೆ, ನೋಡುತ್ತೇನೆ. ಆದರೂ ಎದ್ದು ಹೊರಗೆ ಹೋಗಿ ಇನ್ನೊಮ್ಮೆ ನೋಡದಿದ್ದರೆ ನಿದ್ದೆ ಬರುವುದಿಲ್ಲ.

ಹಬ್ಬಗಳು ಈ ಕೆಲಸದ ನಡುವೆಯೇ ಬರುತ್ತವೆ. ಶೀಗೆ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲುತ್ತೇವೆ, ಅಂದರೆ ಎಡೆಯನ್ನು ಬೆಳೆಗೆ ಎರಚುತ್ತೇವೆ. ದೀಪಾವಳಿ ಪಾಡ್ಯದ ದಿನ ಸಗಣಿಯ ಹಟ್ಟೆವ್ವನನ್ನು ಮಾಡಿ, ತಂಗಡಿ ಹೂ, ಉತ್ತರಾಣಿ ಕಡ್ಡಿ ಚುಚ್ಚಿ ಹೊಸ್ತಿಲಿಗೆ, ಒಲೆಯ ಹತ್ತಿರ, ಕಾಳಿನ ಚೀಲಗಳ ಮುಂದೆ ಇಡುತ್ತೇವೆ. ಪೂಜೆ ಮುಗಿದ ಮೇಲೆ ನಮ್ಮ ಮನೆಯಲ್ಲಿ ಅವಳನ್ನೂ ಕುಳ್ಳು ತಟ್ಟಿ ಮಾಳಿಗೆಯ ಮೇಲೆ ಒಣಗಲು ಇಡುತ್ತಾರೆ. ದೇವರಿಗೂ ಬಿಡುವಿಲ್ಲ. ಪಕ್ಕದ ತಾಂಡಾದಲ್ಲಿ ಅದರ ಹಿಂದಿನ ಅಮಾವಾಸ್ಯೆ ರಾತ್ರಿ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ಹಬ್ಬದ ಹಾರೈಕೆಯ ಹಾಡು ‘ಮೇರಾ’ ಹೇಳುತ್ತಾ ಹೋಗುತ್ತಾರೆ. ನಮ್ಮ ಕಾಯಿ ಬಿಡಿಸಿದ ಹುಡುಗಿಯರೇ. ಗುರುತು ಸಿಗದಷ್ಟು ಚೆನ್ನಾಗಿ ಕಾಣುತ್ತಾರೆ.

ನನ್ನ ಮಾತು ಇಷ್ಟೇ. ಏನಾದರೂ ಕೇಳುವುದಿದ್ದರೆ ಕೇಳಿ.

(ಒಬ್ಬ ಯುವಕರು ‘ಡ್ರೈಯರ್ ಹಾಕಿಸಬಹುದಲ್ಲ ಸಾರ್?’ ಅಂದರು. ಬಾಡಿಗೆಗೆ ಸಿಕ್ಕರೆ ಖಂಡಿತ ಹಾಕಿಸುತ್ತೇನೆ, ಐದೂವರೆ ಎಕರೆಯವನು ಒಬ್ಬನೇ ಕೊಂಡರೆ ಮೊದಲು ಒಣಗುವುದು ಅವನ ಜೇಬು ಅಂದೆ. ಇನ್ನೊಬ್ಬರು ಹಗೇವು ಈಗಲೂ ಇದೆಯೇ ಅಂತ ಕೇಳಿದರು. ಇಲ್ಲ, ಅದರ ಮೇಲೆ ಈಗ ಚಿಕ್ಕಪ್ಪನ ಮಗನ ಕಾರು ನಿಲ್ಲುತ್ತದೆ.)

ಅಷ್ಟರಲ್ಲಿ ಬಾಟಲಿ ಕೊನೆಯ ಸಾಲು ತಲುಪಿತ್ತು. ಮುಂದಿನ ಸಾಲಿನವರು ಉಪ್ಪು ಅಂಟಿಲ್ಲ ಅಂದರು, ನಡುವಿನವರು ಅಂಟಿದೆ ಅಂದರು. ಯಾರೋ ಮೊಬೈಲಿನ ಬೆಳಕು ಹಿಡಿದರು, ವಾದ ಹತ್ತಿಕೊಂಡಿತು. ಹಿಂದೆ ಗೋಡೆಗೆ ಒರಗಿ ಕೂತಿದ್ದ, ಟವಲು ಹೆಗಲಿಗೆ ಹಾಕಿದ ಹಿರಿಯರೊಬ್ಬರು ಬಾಟಲಿ ಇಸಿದುಕೊಂಡರು. ಅಲ್ಲಾಡಿಸಲಿಲ್ಲ. ಮುಚ್ಚಳ ತೆಗೆದು ಒಂದು ಕಾಳು ಅಂಗೈಗೆ ಸುರಿದುಕೊಂಡು, ಉಪ್ಪು ಊದಿ, ದವಡೆಗೆ ಹಾಕಿ ಕಡಿದರು. ಸಭೆ ಸುಮ್ಮನಾಯಿತು. ಅವರು ಸ್ವಲ್ಪ ಹೊತ್ತು ಅಗಿದು, ನನ್ನ ಕಡೆ ನೋಡಿ ಅಂದರು:

‘ಇನ್ನೆರಡು ಬಿಸಿಲು ಬೇಕು ಮೇಷ್ಟ್ರೇ.’